ಎಲ್ಲೆ ದಾಟದ ಊರು

ಇಂಗ್ಲೆಂಡಿನ ಮಧ್ಯಭಾಗದಲ್ಲಿ, ಡರ್ಬಿಶೈರ್ ಪ್ರಾಂತದ ಬೆಟ್ಟಸಾಲಿನ ಮಗ್ಗುಲಲ್ಲಿ, ಒಂದು ಚಿಕ್ಕ ಗ್ರಾಮವಿದೆ. ಅದರ ಹೆಸರನ್ನು ಬರೆಯುವ ಬಗೆ ಒಂದು, ಉಚ್ಚರಿಸುವ ಬಗೆ ಇನ್ನೊಂದು. ಬರಹದಲ್ಲಿ ನಾಲ್ಕು ಅಕ್ಷರಗಳಿದ್ದರೂ ಅಲ್ಲಿನವರ ಬಾಯಲ್ಲಿ ಅದು 'ಈಮ್' ಎಂಬ ಒಂದೇ ದೀರ್ಘಸ್ವರದ ಮಾತಾಗಿ ನಿಂತಿದೆ. 1086ರಲ್ಲಿ ವಿಲಿಯಂ ದೊರೆಯು ಬರೆಯಿಸಿದ ಮಹಾ ಭೂಕಂದಾಯ ದಫ್ತರದಲ್ಲಿಯೂ ಈ ಊರಿನ ಹೆಸರು ಬೇರೊಂದು ಕಾಗುಣಿತದಲ್ಲಿ ದಾಖಲಾಗಿದೆ. ಸ್ಥಳನಾಮಗಳ ಮೂಲವನ್ನು ಶೋಧಿಸುವ ವಿದ್ವಾಂಸರು ಈ ಹೆಸರಿಗೆ 'ನಡುಗಡ್ಡೆಗಳು' ಎಂಬ ಅರ್ಥವನ್ನು ಹೇಳುತ್ತಾರೆ. ಸಮುದ್ರದಿಂದ ಬಹುದೂರದಲ್ಲಿ, ಗುಡ್ಡದ ಇಳಿಜಾರಿನಲ್ಲಿರುವ ಊರಿಗೆ ನಡುಗಡ್ಡೆಯೆಂಬ ಹೆಸರೇಕೆಂದರೆ, ಹಳ್ಳಗಳ ನಡುವೆ ಎತ್ತರದಲ್ಲಿ ನಿಂತ ನೆಲವನ್ನೂ ಹಳೆಯ ಇಂಗ್ಲಿಷಿನಲ್ಲಿ ಹಾಗೆಯೇ ಕರೆಯುತ್ತಿದ್ದರು. ಕನ್ನಡದ 'ಕುರುವ' ಎಂಬ ಮಾತಿಗೆ ಸಮೀಪವಾದ ಅರ್ಥವಿದು. ಕಾಲಾಂತರದಲ್ಲಿ ಈ ಹೆಸರು ಎಷ್ಟು ಭಯಂಕರವಾಗಿ ಸಾರ್ಥಕವಾಯಿತೆಂಬುದೇ ಈ ಗ್ರಾಮದ ಚರಿತ್ರೆ. 1666ನೆಯ ಇಸವಿಯ ಬೇಸಗೆಯಲ್ಲಿ ಈಮ್ ಗ್ರಾಮವು ತನ್ನ ಸುತ್ತ ತಾನೇ ಎಲ್ಲೆಯನ್ನು ಎಳೆದುಕೊಂಡು, ಮನುಷ್ಯಲೋಕದ ನಡುವೆ ನಡುಗಡ್ಡೆಯಾಗಿ ನಿಂತಿತು.

ಆ ಪ್ರದೇಶದ ನೆಲ ಸುಣ್ಣಕಲ್ಲಿನದು. ವ್ಯವಸಾಯಕ್ಕಿಂತ ಕುರಿ ಸಾಕಣೆಗೆ ಹೆಚ್ಚು ಒದಗುವಂಥದು. ಆದರೆ ಆ ಕಲ್ಲಿನ ಗರ್ಭದಲ್ಲಿ ಸೀಸದ ಅದಿರಿನ ಎಳೆಗಳು ಹಬ್ಬಿದ್ದುವು. ರೋಮನ್ನರ ಕಾಲದಿಂದಲೂ ಡರ್ಬಿಶೈರಿನ ಸೀಸಕ್ಕೆ ಹೆಸರುಂಟು. ಈಮ್ ಗ್ರಾಮದ ಜನ ಶತಮಾನಗಳ ಕಾಲ ಗಣಿಯ ಕೆಲಸವನ್ನೂ ಬೇಸಾಯವನ್ನೂ ಕೂಡಿಸಿಕೊಂಡು ಬಾಳಿದವರು. ಗಣಿಯಿಂದ ತೆಗೆದ ಅದಿರನ್ನು ಅಳೆಯಲು ಗೊತ್ತಾದ ಒಂದು ಕೊಳಗವಿತ್ತು. ಅಂತಹ ಒಂದೊಂದು ಕೊಳಗಕ್ಕೂ ಒಂದು ಪೆನ್ನಿಯಂತೆ ಊರ ಚರ್ಚಿನ ಪಾದ್ರಿಗೆ ಸಲ್ಲಬೇಕಾಗಿತ್ತು. ಗಣಿಗಳು ಸಮೃದ್ಧವಾಗಿದ್ದ ದಿನಗಳಲ್ಲಿ ಈ ಪುಟ್ಟ ಊರಿನ ಪಾದ್ರಿಯ ವರಮಾನ ಎಷ್ಟೋ ಪಟ್ಟಣಗಳ ಪಾದ್ರಿಗಳ ವರಮಾನಕ್ಕಿಂತ ಮಿಗಿಲಾಗಿತ್ತು.

ಇಲ್ಲಿ 'ಪ್ಯಾರಿಷ್' ಎಂಬ ಮಾತನ್ನು ಸ್ವಲ್ಪ ವಿವರಿಸುವುದು ಉಚಿತ. ಅದು ಬರಿಯ ಪೂಜಾಸ್ಥಾನದ ಹೆಸರಲ್ಲ. ಒಂದು ಚರ್ಚಿಗೆ ಸೇರಿದ ಮನೆಗಳು, ಹೊಲಗಳು, ಅವುಗಳ ಗಡಿ, ಆ ಗಡಿಯೊಳಗೆ ಹುಟ್ಟಿ ಸಾಯುವ ಸಕಲ ಜನ, ಇವೆಲ್ಲ ಕೂಡಿ ಪ್ಯಾರಿಷ್. ಒಕ್ಕಲಿಗನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ ಸಲ್ಲುತ್ತಿತ್ತು. ದಿಕ್ಕಿಲ್ಲದವರನ್ನು ಸಲಹುವ ಹೊಣೆ ಪ್ಯಾರಿಷಿನದಾಗಿತ್ತು. ಎಂಟನೆಯ ಹೆನ್ರಿ ದೊರೆಯ ಮಂತ್ರಿಯಾಗಿದ್ದ ಥಾಮಸ್ ಕ್ರಾಮ್‌ವೆಲ್‌ನು 1538ರಲ್ಲಿ ಹೊರಡಿಸಿದ ಅಪ್ಪಣೆಯ ಮೇರೆಗೆ ಪ್ರತಿಯೊಂದು ಪ್ಯಾರಿಷಿನಲ್ಲಿಯೂ ನಾಮಕರಣ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡುವ ಕ್ರಮ ಆರಂಭವಾಯಿತು. ಅರಸರ ಹೆಸರನ್ನು ಶಿಲೆ ಹೊರುತ್ತದೆ. ಕೂಲಿಕಾರನ ಹೆಸರನ್ನು ಹೊತ್ತುದು ಈ ಪುಸ್ತಕ. ಈಮ್ ಗ್ರಾಮದ ಕಥೆ ಇಂದಿಗೂ ಉಳಿದು ಬಂದಿರುವುದಕ್ಕೆ ಇಂತಹ ಪುಸ್ತಕವೇ ಮೊದಲ ಕಾರಣ.

ಊರ ನಡುವೆ ಸಂತ ಲಾರೆನ್ಸನ ಹೆಸರಿನ ಚರ್ಚು ನಿಂತಿದೆ. ಅದರ ಅಂಗಳವನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಕಟ್ಟಡಕ್ಕಿಂತಲೂ ಹಳೆಯದಾದ ಒಂದು ಶಿಲಾಶಿಲುಬೆ. ಸ್ಯಾಕ್ಸನ್ನರ ಕಾಲದ, ಸುಮಾರು ಎಂಟನೆಯ ಶತಮಾನದ ಕೆತ್ತನೆಯಿದು. ಅದರ ಮೈಮೇಲೆ ದೇವದೂತರ ರೂಪಗಳೂ ಸುರುಳಿಗೊಂಡ ಬಳ್ಳಿಗಳೂ ಇನ್ನೂ ಸ್ಪಷ್ಟವಾಗಿವೆ. ಕಂಬದ ಒಂದು ತುಂಡು ಎಂದೋ ಕಳೆದುಹೋಗಿರುವುದರಿಂದ ಶಿಲುಬೆಯ ತಲೆ ಗಿಡ್ಡ ಕಂಬದ ಮೇಲೆ ಕುಳಿತಂತೆ ಕಾಣುತ್ತದೆ. ಸೆರೆಮನೆಗಳ ಸುಧಾರಣೆಗೆ ಬಾಳನ್ನು ಸವೆಸಿದ ಜಾನ್ ಹೋವರ್ಡ್ ಎಂಬ ಮಹನೀಯನು ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಗೆ ಬಂದಾಗ ಹುಲ್ಲಿನಲ್ಲಿ ಬಿದ್ದಿದ್ದ ಈ ಶಿಲುಬೆಯನ್ನು ಕಂಡು ಎತ್ತಿ ನಿಲ್ಲಿಸುವಂತೆ ಮಾಡಿದನೆಂಬ ಪ್ರತೀತಿ ಇದೆ. ಚರ್ಚಿನ ದಕ್ಷಿಣದ ಗೋಡೆಯ ಮೇಲೆ 1775ರ ಒಂದು ನೆರಳು ಗಡಿಯಾರವಿದೆ. ಒಳಗೆ ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವ ಪುರಾತನವಾದ ಕಲ್ಲಿನ ತೊಟ್ಟಿ ಇದೆ. ಸುಣ್ಣದ ಲೇಪನದ ಅಡಿಯಲ್ಲಿ ಹುದುಗಿದ್ದ ಇಸ್ರೇಲಿನ ಕುಲಗಳ ಲಾಂಛನಗಳ ಭಿತ್ತಿಚಿತ್ರಗಳು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಬೆಳಕು ಕಂಡುವು. ಇವೆಲ್ಲ ಇಂಗ್ಲೆಂಡಿನ ಎಷ್ಟೋ ಗ್ರಾಮಗಳ ಚರ್ಚುಗಳಲ್ಲಿಯೂ ಇರತಕ್ಕವೇ. ಆದರೆ ಇಲ್ಲಿನ ಬಲಿಪೀಠದ ಬಳಿಯಲ್ಲಿ 1665 ಎಂಬ ಅಂಕೆಯನ್ನು ಹೊತ್ತ ಒಂದು ಮರದ ಕುರ್ಚಿ ಇದೆ. ಅದು ವಿಲಿಯಂ ಮಾಂಪೆಸನ್ ಎಂಬ ಪಾದ್ರಿಗಳ ಕುರ್ಚಿಯೆಂದು ಹೆಸರಾಗಿದೆ. ಅದರ ಮುಂದೆ ನಿಂತವರು ಈ ಚರ್ಚನ್ನು ಬೇರೆ ಚರ್ಚುಗಳೊಡನೆ ಹೋಲಿಸುವುದನ್ನು ಬಿಟ್ಟುಬಿಡುತ್ತಾರೆ.

ಮಾಂಪೆಸನ್ ಅವರು ಈ ಊರಿಗೆ ಬಂದದ್ದು 1664ರಲ್ಲಿ. ಮೂವತ್ತು ಇನ್ನೂ ತುಂಬದ ವಯಸ್ಸು. ಜೊತೆಯಲ್ಲಿ ಪತ್ನಿ ಕ್ಯಾಥರೀನ್, ಎರಡು ಎಳೆಯ ಮಕ್ಕಳು. ಊರಿನವರು ಅವರನ್ನು ತೆರೆದ ಮನಸ್ಸಿನಿಂದ ಬರಮಾಡಿಕೊಳ್ಳಲಿಲ್ಲ. ಅದಕ್ಕೆ ಕಾರಣ ದೇಶದ ರಾಜಕೀಯ. ದೊರೆಯ ಶಿರಚ್ಛೇದ, ಗಣರಾಜ್ಯ, ಮತ್ತೆ 1660ರಲ್ಲಿ ರಾಜತ್ವದ ಪುನಃಸ್ಥಾಪನೆ, ಇವುಗಳ ಸುಂಟರಗಾಳಿಯಲ್ಲಿ ಚರ್ಚಿನ ಆಚರಣೆಗಳೂ ಬುಡಮೇಲಾಗಿದ್ದುವು. 1662ರ ಶಾಸನವು ಎಲ್ಲ ಪಾದ್ರಿಗಳೂ ಗೊತ್ತಾದ ಪ್ರಾರ್ಥನಾ ಗ್ರಂಥವನ್ನೇ ಅನುಸರಿಸತಕ್ಕದ್ದೆಂದು ವಿಧಿಸಿತು. ಅದನ್ನು ಒಪ್ಪದ ಸುಮಾರು ಎರಡು ಸಾವಿರ ಪಾದ್ರಿಗಳು ದೇಶಾದ್ಯಂತ ಹುದ್ದೆಗಳನ್ನು ಕಳೆದುಕೊಂಡರು. ಗಣರಾಜ್ಯದ ಕಾಲದಲ್ಲಿ ಈಮ್ ಗ್ರಾಮದ ಪಾದ್ರಿಗಳಾಗಿದ್ದ ಥಾಮಸ್ ಸ್ಟ್ಯಾನ್ಲಿ ಅವರೂ ಈ ಪಂಥಕ್ಕೆ ಸೇರಿದವರು. ಹುದ್ದೆ ಹೋದರೂ ಅವರು ಊರನ್ನು ಬಿಡಲಿಲ್ಲ. ಜನರ ಪ್ರೀತಿಯೂ ಅವರನ್ನು ಬಿಡಲಿಲ್ಲ. 1665ರಲ್ಲಿ ಆದ ಮತ್ತೊಂದು ಶಾಸನದಂತೆ, ಪದಚ್ಯುತರಾದ ಪಾದ್ರಿಗಳು ತಮ್ಮ ಹಿಂದಿನ ಪ್ಯಾರಿಷಿನಿಂದ ಐದು ಮೈಲಿಯ ಒಳಗೆ ವಾಸಿಸುವುದೇ ಅಪರಾಧವಾಗಿತ್ತು. ಹೀಗೆ ಒಂದೇ ಊರಿನಲ್ಲಿ ಇಬ್ಬರು ಗುರುಗಳು: ಒಬ್ಬರಿಗೆ ಅಧಿಕಾರವಿತ್ತು, ಜನರ ವಿಶ್ವಾಸವಿರಲಿಲ್ಲ, ಇನ್ನೊಬ್ಬರಿಗೆ ವಿಶ್ವಾಸವಿತ್ತು, ನಿಲ್ಲುವ ನೆಲದ ಮೇಲೆ ಹಕ್ಕಿರಲಿಲ್ಲ.

1665ರ ಬೇಸಗೆಯಲ್ಲಿ ಲಂಡನ್ ನಗರವನ್ನು ಪ್ಲೇಗು ಆವರಿಸಿತ್ತು. ಆ ವರ್ಷದ ಶರತ್ಕಾಲದ ಆರಂಭದಲ್ಲಿ ಲಂಡನ್ನಿನಿಂದ ಒಂದು ಬಟ್ಟೆಯ ಪೆಟ್ಟಿಗೆ ಈಮ್ ಗ್ರಾಮದ ಒಬ್ಬ ಸಿಂಪಿಗನ ಮನೆಗೆ ಬಂದಿತೆಂದು ಪರಂಪರೆ ಹೇಳುತ್ತದೆ. ಆ ಮನೆಯಲ್ಲಿ ತಂಗಿದ್ದ ಜಾರ್ಜ್ ವಿಕರ್ಸ್ ಎಂಬ ಕೆಲಸಗಾರನು ಪೆಟ್ಟಿಗೆಯನ್ನು ಬಿಚ್ಚಿದನು. ಬಟ್ಟೆ ತೇವಗೊಂಡಿತ್ತು, ಒಲೆಯ ಮುಂದೆ ಹರವಿ ಒಣಗಿಸಿದನು. ಅದರ ಮಡಿಕೆಗಳಲ್ಲಿ ಅಡಗಿದ್ದ ಚಿಗಟಗಳಿಗೆ ಆ ಬೆಚ್ಚನೆಯ ಗಾಳಿ ಜೀವ ತುಂಬಿತೆಂಬುದು ಈಗಿನವರ ಊಹೆ. ಆಗಿನವರಿಗೆ ಚಿಗಟದ ಮೇಲೆ ಯಾವ ಸಂಶಯವೂ ಇರಲಿಲ್ಲ. ಕೆಲವೇ ದಿನಗಳಲ್ಲಿ ವಿಕರ್ಸ್ ಜ್ವರದಿಂದ ಮಲಗಿದನು. ಸೆಪ್ಟೆಂಬರ್ 7ರಂದು ಅವನ ಶವವನ್ನು ಹೂಳಿದರು. ತಿಂಗಳು ಮುಗಿಯುವುದರೊಳಗೆ ಅದೇ ಮನೆಯಲ್ಲಿ, ನೆರೆಯ ಮನೆಗಳಲ್ಲಿ ಸಾವು ಕಾಲಿಟ್ಟಿತು. ಚಳಿಗಾಲದಲ್ಲಿ ಬೇನೆ ತಗ್ಗಿತು. ಜನ ನಿಟ್ಟುಸಿರು ಬಿಟ್ಟರು. ಆದರೆ 1666ರ ಬೇಸಗೆ ಬಂದೊಡನೆ ಅದು ಇಮ್ಮಡಿಯ ವೇಗದಿಂದ ಎದ್ದಿತು.

ಓಡಿಹೋಗುವ ಆಲೋಚನೆ ಜನರಲ್ಲಿ ಹುಟ್ಟಿತು. ಅದು ಸಹಜವೂ ಆಗಿತ್ತು. ಕೆಲವು ಸ್ಥಿತಿವಂತರು ಮೊದಲೇ ಊರು ಬಿಟ್ಟಿದ್ದರು. ಉಳಿದವರೂ ಚದರಿದ್ದರೆ ಸುತ್ತಣ ಹಳ್ಳಿಗಳಿಗೆ, ಅನತಿದೂರದ ಶೆಫೀಲ್ಡ್, ಬೇಕ್‌ವೆಲ್ ಪಟ್ಟಣಗಳಿಗೆ ರೋಗವು ಅವರೊಡನೆಯೇ ಪಯಣ ಮಾಡುತ್ತಿತ್ತು. ಇಂತಹ ಸಂದರ್ಭದಲ್ಲಿ ಮಾಂಪೆಸನ್ ಅವರು ತಮ್ಮ ಪ್ರತಿಪಕ್ಷದ ಸ್ಟ್ಯಾನ್ಲಿ ಅವರ ನೆರವನ್ನು ಪಡೆದರು. ತನ್ನ ಮಾತು ನಡೆಯುವುದಿಲ್ಲವೆಂದು ಅರಿತು, ಯಾರ ಮಾತು ನಡೆಯುವುದೋ ಅವರ ಕೈ ಹಿಡಿಯುವುದು ಅಧಿಕಾರದಲ್ಲಿರುವವರಿಗೆ ಸುಲಭವಾದುದಲ್ಲ. ಅಧಿಕಾರದಿಂದ ತಳ್ಳಲ್ಪಟ್ಟವರು ತಮ್ಮ ಸ್ಥಾನದಲ್ಲಿ ಕುಳಿತವರ ಪಕ್ಕದಲ್ಲಿ ನಿಲ್ಲುವುದಂತೂ ಇನ್ನೂ ಕಠಿನ. ಇಬ್ಬರೂ ಜೊತೆಯಾಗಿ ಊರ ಮುಂದೆ ನಿಂತರು. ಮೂರು ನಿರ್ಣಯಗಳಾದುವು. ಮೊದಲನೆಯದು, ಶವಗಳನ್ನು ಚರ್ಚಿನ ಸ್ಮಶಾನಕ್ಕೆ ತರದೆ ಅವರವರ ಹಿತ್ತಲು ಹೊಲಗಳಲ್ಲಿ ಅವರವರ ಮನೆಯವರೇ ಹೂಳತಕ್ಕದ್ದು. ಎರಡನೆಯದು, ಚರ್ಚಿನ ಬಾಗಿಲನ್ನು ಮುಚ್ಚಿ ಪ್ರಾರ್ಥನೆಯನ್ನು ಬಯಲಿನಲ್ಲಿ ನಡೆಸತಕ್ಕದ್ದು. ಮೂರನೆಯದು, ಊರಿನ ಎಲ್ಲೆಯನ್ನು ದಾಟಿ ಯಾರೂ ಹೊರಗೆ ಹೋಗತಕ್ಕದ್ದಲ್ಲ, ಹೊರಗಿನವರು ಒಳಗೆ ಬರತಕ್ಕದ್ದಲ್ಲ.

ಈ ನಿರ್ಣಯಗಳ ಭಾರವನ್ನು ತಿಳಿಯಬೇಕಾದರೆ ಆ ಕಾಲದ ಭಕ್ತನ ಮನಸ್ಸನ್ನು ಹೊಗಬೇಕು. ಚರ್ಚಿನ ಅಂಗಳದ ಪವಿತ್ರ ಭೂಮಿಯಲ್ಲಿ, ಪಾದ್ರಿಯ ಮಂತ್ರೋಕ್ತಿಯೊಡನೆ, ತಾಯಿತಂದೆಗಳ ಸಮಾಧಿಯ ಪಕ್ಕದಲ್ಲಿ ಮಲಗುವುದು ಬಡವನಿಗೂ ಇದ್ದ ಕೊನೆಯ ಹಕ್ಕು. ಅದನ್ನೂ ಬಿಟ್ಟುಕೊಡಿರೆಂದು ಗುರುವೇ ಕೇಳಿದಾಗ ಜನ ಒಪ್ಪಿದರು. ಊರ ಹೊರಗಿನ ಕಕ್‌ಲೆಟ್ ಡೆಲ್ಫ್ ಎಂಬ ಹಸುರು ಕಣಿವೆಯಲ್ಲಿ ಕುಟುಂಬ ಕುಟುಂಬವೂ ಬೇರೆ ಬೇರೆಯಾಗಿ ದೂರದೂರ ನಿಂತು, ಬಂಡೆಯೊಂದನ್ನೇ ವೇದಿಕೆ ಮಾಡಿಕೊಂಡ ಪಾದ್ರಿಗಳ ಮಾತನ್ನು ಕೇಳಿತು. ಚಾಟ್ಸ್‌ವರ್ತ್ ಅರಮನೆಯ ಡೆವನ್‌ಶೈರ್ ಅರ್ಲನು ಆಹಾರ ಔಷಧಗಳನ್ನು ಒದಗಿಸಿದನು. ಸುತ್ತಣ ಊರವರು ಎಲ್ಲೆಯ ಮೇಲಿನ ಗೊತ್ತಾದ ತಾಣಗಳಲ್ಲಿ ದಿನಸಿಯನ್ನಿಟ್ಟು ಹಿಂದಿರುಗುತ್ತಿದ್ದರು. ಬೆಟ್ಟದ ಮೇಲಿನ ಒಂದು ಊಟೆ ಇಂದಿಗೂ ಮಾಂಪೆಸನ್ ಬಾವಿಯೆಂದು ಕರೆಯಿಸಿಕೊಳ್ಳುತ್ತಿದೆ. ಸ್ಟೋನಿ ಮಿಡಲ್‌ಟನ್ ಊರಿನ ದಾರಿಯಲ್ಲಿ ಎಲ್ಲೆಗಲ್ಲೊಂದಿದೆ. ಅದರ ಮೈಯಲ್ಲಿ ಕುಳಿಗಳಿವೆ. ಆ ಕುಳಿಗಳಲ್ಲಿ ವಿನಿಗರ್ ಎಂಬ ಹುಳಿರಸವನ್ನು ತುಂಬಿ, ಈಮ್ ಗ್ರಾಮದವರು ಕೊಂಡ ಪದಾರ್ಥಕ್ಕೆ ಬೆಲೆಯಾದ ನಾಣ್ಯಗಳನ್ನು ಅದರಲ್ಲಿ ಮುಳುಗಿಸಿಡುತ್ತಿದ್ದರಂತೆ. ಸಾವಿನ ನಡುವೆಯೂ ಅವರು ಸಾಲ ಉಳಿಸಿಕೊಳ್ಳಲಿಲ್ಲ.

ಆಗಸ್ಟ್ ತಿಂಗಳು ಅತ್ಯಂತ ಘೋರವಾದುದು; ಆ ಒಂದು ತಿಂಗಳಲ್ಲಿಯೇ 78 ಮಂದಿ ತೀರಿಕೊಂಡರೆಂದು ಲೆಕ್ಕವಿದೆ. ಊರಿನಿಂದ ಸ್ವಲ್ಪ ದೂರದ ರೈಲಿ ಎಂಬ ಹೊಲಮನೆಯಲ್ಲಿ ಹ್ಯಾನ್‌ಕಾಕ್ ಕುಟುಂಬವಿತ್ತು. ಎಂಟು ದಿನಗಳ ಅವಧಿಯಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ನಿರ್ಣಯದಂತೆ ಹೊರಗಿನವರು ಮುಟ್ಟುವಂತಿರಲಿಲ್ಲ. ಒಬ್ಬೊಬ್ಬರ ಶವವನ್ನೂ ತಾನೇ ಎಳೆದೊಯ್ದು, ತಾನೇ ಗುಂಡಿ ತೋಡಿ, ತಾನೇ ಮಣ್ಣು ಮುಚ್ಚಿದಳು. ಆಕೆಗೆ ರೋಗ ತಗಲಲಿಲ್ಲ. ಹೊಲದ ನಡುವೆ ಕಲ್ಲಿನ ಗೋಡೆ ಸುತ್ತುವರಿದ ಆ ಏಳು ಜನರ ಸ್ಮಾರಕಶಿಲೆಗಳು ಈಗಲೂ ಉಂಟು. ಮಾರ್ಷಲ್ ಹೋ ಎಂಬ ಮತ್ತೊಬ್ಬನು ರೋಗ ಬಂದು ಬದುಕಿದವನು. ಮನೆಯಲ್ಲಿ ಹೂಳುವವರಿಲ್ಲದ ಶವಗಳನ್ನು ಅವನು ಹೂಳುತ್ತಿದ್ದನು, ಕೂಲಿಯಾಗಿ ಸತ್ತವರ ವಸ್ತುಗಳನ್ನು ಒಯ್ಯುತ್ತಿದ್ದನು. ಕೊನೆಗೆ ಅವನ ಹೆಂಡತಿಯೂ ಮಗನೂ ಅದೇ ಬೇನೆಗೆ ತುತ್ತಾದರು. ಊರಿನಲ್ಲಿ ಧೀರರೂ ಇದ್ದರು, ಲೋಭಿಗಳೂ ಇದ್ದರು. ಒಮ್ಮೊಮ್ಮೆ ಒಬ್ಬನೇ ಎರಡೂ ಆಗಿದ್ದನು.

ಮಾಂಪೆಸನ್ ದಂಪತಿಗಳು ತಮ್ಮ ಮಕ್ಕಳಿಬ್ಬರನ್ನೂ ಮೊದಲೇ ಹೊರಗೆ ಬಂಧುಗಳಲ್ಲಿಗೆ ಕಳುಹಿಸಿದ್ದರು. ಮಕ್ಕಳೊಡನೆ ಹೋಗೆಂದು ಪತಿ ಹೇಳಿದರೂ ಕ್ಯಾಥರೀನ್ ಒಪ್ಪಲಿಲ್ಲ. ಪತಿಯೊಡನೆ ಮನೆಮನೆಗೂ ತಿರುಗಿ ರೋಗಿಗಳನ್ನು ವಿಚಾರಿಸಿದಳು. ಆಗಸ್ಟ್ 25ರಂದು ಆಕೆ ತೀರಿಕೊಂಡಳು, ವಯಸ್ಸು ಇಪ್ಪತ್ತೇಳು. ಆಕೆಯ ಸಮಾಧಿ ಮಾತ್ರ ಚರ್ಚಿನ ಅಂಗಳದಲ್ಲಿ, ಆ ಪುರಾತನ ಶಿಲುಬೆಯ ಬಳಿಯಲ್ಲಿದೆ. ಅಕ್ಟೋಬರಿನಲ್ಲಿ ಬೇನೆ ಇಳಿಮುಖವಾಯಿತು, ನವೆಂಬರ್ ಆರಂಭದಲ್ಲಿ ನಿಂತಿತು. ಅದೇ ನವೆಂಬರ್ 20ರಂದು ಮಾಂಪೆಸನ್ ಅವರು ಬರೆದ ಕಾಗದದಲ್ಲಿ ಒಟ್ಟು 76 ಕುಟುಂಬಗಳಿಗೆ ರೋಗ ತಗುಲಿ 259 ಮಂದಿ ಮಡಿದುದಾಗಿ ಲೆಕ್ಕ ಕೊಟ್ಟಿದ್ದಾರೆ. ಊರಿನ ಜನಸಂಖ್ಯೆ 350 ಎಂದು ಹಿಂದೆ ನಂಬಿದ್ದರು. ಒಲೆಗಳ ಮೇಲಿನ ತೆರಿಗೆಯ ಲೆಕ್ಕಗಳನ್ನು ನೋಡಿದ ಈಚಿನವರು ಅದರ ಇಮ್ಮಡಿಯಷ್ಟಿದ್ದಿರಬೇಕೆನ್ನುತ್ತಾರೆ. ಯಾವುದನ್ನು ಹಿಡಿದರೂ ನಷ್ಟ ಅಪಾರ.

ಅನಂತರದ ಕಥೆ ಚಿಕ್ಕದು. ಸ್ಟ್ಯಾನ್ಲಿ ಅವರನ್ನು ಕಾನೂನಿನ ಹೆಸರಿನಲ್ಲಿ ಊರಿನಿಂದ ಹೊರಡಿಸಬೇಕೆಂದು ಕೆಲವರು ಒತ್ತಾಯಪಡಿಸಿದಾಗ ಡೆವನ್‌ಶೈರ್ ಅರ್ಲನೇ ಅವರ ಪರವಾಗಿ ನಿಂತನೆಂದು ಹಳೆಯ ಬರಹಗಳು ಹೇಳುತ್ತವೆ. ಅವರು 1670ರಲ್ಲಿ ಈಮ್ ಗ್ರಾಮದಲ್ಲಿಯೇ ದೇಹವಿಟ್ಟರು. ಮಾಂಪೆಸನ್ ಅವರಿಗೆ ಅದೇ ವೇಳೆಗೆ ನಾಟಿಂಗ್‌ಹ್ಯಾಂಶೈರಿನ ಈಕ್‌ರಿಂಗ್ ಎಂಬ ಊರಿಗೆ ವರ್ಗವಾಯಿತು. ಪ್ಲೇಗಿನ ಊರಿನಿಂದ ಬಂದವರೆಂಬ ಭಯದಿಂದ ಅಲ್ಲಿನ ಜನ ಅವರನ್ನು ಊರೊಳಗೆ ಸೇರಿಸಲಿಲ್ಲ. ಕೆಲಕಾಲ ಹೊರಗಿನ ಗುಡಿಸಲಿನಲ್ಲಿದ್ದು ಮರದಡಿಯಲ್ಲಿ ಉಪದೇಶ ಮಾಡಬೇಕಾಯಿತೆಂದು ಪ್ರತೀತಿ. ಅನ್ಯರಿಗಾಗಿ ಎಲ್ಲೆಯನ್ನು ಎಳೆದವರಿಗೆ ಅನ್ಯರು ಎಲ್ಲೆಯನ್ನು ಎಳೆದರು. ಅವರು 1709ರಲ್ಲಿ ಅಲ್ಲಿಯೇ ನಿಧನರಾದರು.

ಇಷ್ಟನ್ನು ಹೇಳಿ ಮುಗಿಸಿದರೆ ಅದು ಪುರಾಣವಾದೀತು. ಚರಿತ್ರೆಯಾಗಬೇಕಾದರೆ ಸಂಶಯಗಳನ್ನೂ ಹೇಳಬೇಕು. ಈಮ್ ಗ್ರಾಮದ ತ್ಯಾಗಗಾಥೆಯ ಬಹುಭಾಗ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ರೂಪುಗೊಂಡದ್ದು. ಅದೇ ಊರಿನ ಪಾದ್ರಿಯ ಮನೆಯಲ್ಲಿ 1742ರಲ್ಲಿ ಹುಟ್ಟಿದ ಕವಯಿತ್ರಿ ಆನಾ ಸೆವರ್ಡ್, 1842ರಲ್ಲಿ ಊರಿನ ಚರಿತ್ರೆಯನ್ನು ಪ್ರಕಟಿಸಿದ ವಿಲಿಯಂ ವುಡ್ ಮೊದಲಾದವರ ಲೇಖನಿಯಿಂದ ಅದು ಮೆರುಗು ಪಡೆಯಿತು. ಪ್ಯಾಟ್ರಿಕ್ ವಾಲಿಸ್ ಎಂಬ ಇತಿಹಾಸಕಾರರು 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ರೂಪುಗೊಂಡ ಬಗೆಯನ್ನು ನಿಷ್ಠುರವಾಗಿ ಪರೀಕ್ಷಿಸಿದ್ದಾರೆ. ಗುರುವು ತನ್ನ ಮಕ್ಕಳನ್ನು ಹೊರಗೆ ಕಳುಹಿಸಿ ಅನ್ಯರ ಮಕ್ಕಳನ್ನು ಎಲ್ಲೆಯೊಳಗೆ ಇರಿಸಿದ್ದು ಸರಿಯೇ? ಉಳ್ಳವರು ಹೊರಟುಹೋದ ಮೇಲೆ ಇಲ್ಲದವರು ಉಳಿದುದು ತ್ಯಾಗವೋ, ಹೋಗಲು ಠಾವಿಲ್ಲದ ಅಸಹಾಯಕತೆಯೋ? ಇವು ತಳ್ಳಿಹಾಕತಕ್ಕ ಪ್ರಶ್ನೆಗಳಲ್ಲ.

ವೈದ್ಯಶಾಸ್ತ್ರದ ಸಂಶಯವೂ ಒಂದುಂಟು. ಅದರ ಬಿಡುಗಡೆಯಲ್ಲಿ ಭಾರತದ ನೆಲಕ್ಕೂ ಪಾತ್ರವಿದೆ. ಪ್ಲೇಗಿನ ಸೂಕ್ಷ್ಮಜೀವಿಯನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದನು. ಇಲಿಯಿಂದ ಇಲಿಗೆ ಅದನ್ನು ಒಯ್ಯುವುದು ಚಿಗಟವೆಂಬುದನ್ನು ಸಿಮೋನ್ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದನು. ಅದೇ 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳು ಆ ಮಾರಿಯ ಬಾಯಿಗೆ ಸಿಕ್ಕಿದ್ದುವು. ಕನ್ನಡನಾಡಿನ ಹಳ್ಳಿಗಳಲ್ಲಿ ಇಲಿ ಬಿದ್ದೊಡನೆ ಜನ ಮನೆಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಚಿಗಟವನ್ನೂ ಇಲಿಯನ್ನೂ ಮನೆಯಲ್ಲಿ ಬಿಟ್ಟು ಮನುಷ್ಯರು ಹೊರಬೀಳುವ ಆ ಕ್ರಮವು ಶಾಸ್ತ್ರಸಮ್ಮತವೇ ಆಗಿತ್ತು. ಹಾಗಿದ್ದರೆ ಈಮ್ ಗ್ರಾಮದವರು ಮನೆಗಳಲ್ಲಿಯೇ ಉಳಿದುದರಿಂದ ಸಾವು ಹೆಚ್ಚಿತೆನ್ನಬೇಕೆ? ಹಲವರು ಹಾಗೆಂದರು. ಆದರೆ 2016ರಲ್ಲಿ ಆ ಊರಿನ ಮರಣಗಳ ಪಟ್ಟಿಯನ್ನೇ ಗಣಿತದ ಮೂಲಕ ಶೋಧಿಸಿದ ಸಂಶೋಧಕರು, ಅಲ್ಲಿ ರೋಗವು ಇಲಿಗಳಿಂದ ಬಂದುದಕ್ಕಿಂತ ಮನುಷ್ಯರಿಂದ ಮನುಷ್ಯರಿಗೆ ಹರಡಿದುದೇ ಹೆಚ್ಚೆಂದೂ, ಒಂದೇ ಮನೆಯಲ್ಲಿದ್ದವರಿಗೆ ಅಪಾಯ ಮಿಗಿಲಾಗಿತ್ತೆಂದೂ ಕಂಡುಕೊಂಡರು. ಮನುಷ್ಯನೇ ವಾಹಕನಾದಲ್ಲಿ ಎಲ್ಲೆಯೊಳಗೆ ನಿಂತವನು ಎಲ್ಲೆಯಾಚೆಯವನನ್ನು ಕಾದವನೇ ಸರಿ.

ಸಂಶಯಗಳನ್ನೆಲ್ಲ ಕಳೆದು ಉಳಿಯುವುದೇನು? ಬೇನೆ ಆ ಎಲ್ಲೆಯನ್ನು ದಾಟಿ ನೆರೆಯ ಊರುಗಳನ್ನು ಹಾಳುಮಾಡಲಿಲ್ಲವೆಂಬುದು ಉಳಿಯುತ್ತದೆ. ಇಬ್ಬರು ಪ್ರತಿಪಕ್ಷಿಗಳು ತಮ್ಮ ಪಂಥಭೇದವನ್ನು ಬದಿಗಿರಿಸಿದರೆಂಬುದು ಉಳಿಯುತ್ತದೆ. ಹೋಗಲು ಠಾವಿಲ್ಲದವರೇ ಉಳಿದರೆಂದು ಇಟ್ಟುಕೊಂಡರೂ, ಕಾವಲಿನ ಸಿಪಾಯಿಗಳಿಲ್ಲದ ಆ ಬೆಟ್ಟದ ದಾರಿಗಳಲ್ಲಿ ರಾತ್ರಿಯ ಹೊತ್ತು ಜಾರಿಹೋಗುವುದು ಯಾವ ಬಡವನಿಗೂ ಅಸಾಧ್ಯವಾಗಿರಲಿಲ್ಲ. ಬಹುಪಾಲು ಜನ ಹಾಗೆ ಹೋಗಲಿಲ್ಲ. ಮೆಚ್ಚುಗೆಯ ಆಸೆಯಿಂದ ಯಾರೂ ಎಂಟು ದಿನಗಳಲ್ಲಿ ಏಳು ಗುಂಡಿಗಳನ್ನು ತೋಡುವುದಿಲ್ಲ. ಅವರಿಗೆ ತಿಳಿದಿದ್ದುದು ಕಡಮೆ. ತಿಳಿದಷ್ಟರಲ್ಲಿ ಅನ್ಯರಿಗೆ ಹಾನಿಯಾಗದಂತೆ ನಡೆಯಬೇಕೆಂಬ ಒಂದು ಹಟವನ್ನು ಅವರು ಸಾಧಿಸಿದರು.

2020ರಲ್ಲಿ ಕೊರೊನಾ ಬೇನೆಯಿಂದ ದೇಶದೇಶಗಳೇ ಬಾಗಿಲು ಮುಚ್ಚಿ ಕುಳಿತಾಗ ಈ ಪುಟ್ಟ ಊರಿನ ಹೆಸರು ಮತ್ತೆ ಪತ್ರಿಕೆಗಳಲ್ಲಿ ಕಾಣಿಸಿತು. ಅಲ್ಲಿನವರಿಗೆ ಅದು ಹೊಸ ನೆನಪಲ್ಲ. ಪ್ರತಿವರ್ಷ ಆಗಸ್ಟ್ ತಿಂಗಳ ಕೊನೆಯ ಭಾನುವಾರವನ್ನು ಅವರು 'ಪ್ಲೇಗಿನ ಭಾನುವಾರ'ವೆಂದು ಆಚರಿಸುತ್ತ ಬಂದಿದ್ದಾರೆ. ಆ ಋತುವಿನಲ್ಲಿಯೇ ಊರಿನ ನೀರಿನ ತಾಣಗಳನ್ನು, ಹಸಿಮಣ್ಣಿನ ಹಲಗೆಗಳಲ್ಲಿ ಹೂವಿನ ಎಸಳುಗಳನ್ನೊತ್ತಿ ಮಾಡಿದ ಚಿತ್ರಗಳಿಂದ ಸಿಂಗರಿಸುವ ಡರ್ಬಿಶೈರಿನ ಹಳೆಯ ಪದ್ಧತಿಯೂ ನಡೆಯುತ್ತದೆ. ಚರ್ಚಿನೊಳಗೆ 1985ರಲ್ಲಿ ಆಲ್ಫ್ರೆಡ್ ಫಿಷರ್ ಎಂಬ ಕಲಾವಿದನು ರಚಿಸಿದ ಬಣ್ಣದ ಗಾಜಿನ ಕಿಟಕಿಯೊಂದಿದೆ. ಬಟ್ಟೆಯ ಪೆಟ್ಟಿಗೆ ಬಂದುದರಿಂದ ಮೊದಲುಗೊಂಡು ಆ ವರ್ಷದ ಕಥೆ ಅದರಲ್ಲಿ ಬೆಳಗುತ್ತಿದೆ. ಆದರೆ ಆ ಕಿಟಕಿಗಿಂತಲೂ ಹೆಚ್ಚಿನದು, ಸತ್ತವರ ಹೆಸರುಗಳನ್ನು ದಿನಾಂಕದೊಡನೆ ಬರೆದಿರುವ ಪುಸ್ತಕ. ಅದರಲ್ಲಿ ಗಣಿಯ ಕೂಲಿ, ಸಿಂಪಿಗ, ಎಳೆಯ ಕೂಸು, ಪಾದ್ರಿಯ ಪತ್ನಿ ಎಲ್ಲರಿಗೂ ಒಂದೊಂದೇ ಸಾಲು. ಚರ್ಚಿನ ಬಾಗಿಲು ಮುಚ್ಚಿದ್ದ ದಿನಗಳಲ್ಲಿ, ಹೊಲದ ಗುಂಡಿಗಳಲ್ಲಿ ಸಂಸ್ಕಾರವಿಲ್ಲದೆ ಮಲಗಿದವರಿಗೂ ಆ ಸಾಲನ್ನು ತಪ್ಪದೆ ಕೊಡಲಾಗಿದೆ. ಒಂದು ಸಂಸ್ಥೆಯು ತನ್ನ ಜನಕ್ಕೆ ಸಲ್ಲಿಸಬೇಕಾದ ಸೇವೆಗಳಲ್ಲಿ ಇದು ಸಣ್ಣದೆಂದು ತೋರಬಹುದು. ಮೂರೂವರೆ ಶತಮಾನಗಳ ಮೇಲೆ ಆ ಊರಿನವರು ತಮ್ಮ ಹಿರಿಯರನ್ನು ಹೆಸರು ಹಿಡಿದು ನೆನೆಯಲು ಆಧಾರವಾಗಿರುವುದು ಆ ಸಾಲುಗಳೇ.